ದೂರದ ವರ್ಕರ್‌ಗಳಿಗೆ ಕೋಡ್ ಮತ್ತು ಡಿಪೆಂಡೆನ್ಸಿ ಕಳಿಸುವುದು: ಜಿಪ್, ಆರ್ಕೈವ್, ಕಂಟೇನರ್, ಯಾವುದು ಯಾವಾಗ?

ಹೊಂಗೆನೆರಳು

ಪೈಸ್ಪಾರ್ಕ್ (ಡೇಟಾವನ್ನು ಹಲವು ಯಂತ್ರಗಳಿಗೆ ಹಂಚಿ ಸಂಸ್ಕರಿಸುವ ಸ್ಪಾರ್ಕ್‌ನ ಪೈಥಾನ್ ರೂಪ) ಕೆಲಸವೊಂದನ್ನು ಯಾರ್ನ್ (ಕೆಲಸಗಳನ್ನು ಯಂತ್ರಗಳಿಗೆ ಹಂಚಿಕೊಡುವ ವ್ಯವಸ್ಥೆ) ಕ್ಲಸ್ಟರ್ ಮೇಲೆ ಓಡಿಸಬೇಕಿದೆ. ಸ್ಪಾರ್ಕ್ 3.5. ವರ್ಕರ್ ಯಂತ್ರಗಳಲ್ಲಿ ಇರುವುದು ಪೈಥಾನ್ 3.9, ಕೋಡಿಗೆ ಬೇಕಿರುವುದು 3.11. ನಮ್ಮದೇ ಪ್ಯಾಕೇಜಿನಲ್ಲಿ ಸುಮಾರು 40 ಫೈಲುಗಳಿವೆ. ಜೊತೆಗೆ ಪಾಂಡಾಸ್, ಪೈಆ್ಯರೋ, ಶೇಪ್ಲಿ ಎಂಬ ಹೊರಗಿನ ಲೈಬ್ರರಿಗಳು. ಆ ಯಂತ್ರಗಳಲ್ಲಿ ಏನನ್ನೂ ಇನ್‌ಸ್ಟಾಲ್ ಮಾಡುವ ಅಧಿಕಾರವಿಲ್ಲ.

ಎರಡು ವಿಷಯ ಬಗೆಹರಿದಿಲ್ಲ. ಲೈಬ್ರರಿಗಳು ಕೂರುವ ಇಡೀ ಸೈಟ್-ಪ್ಯಾಕೇಜಸ್ ಫೋಲ್ಡರನ್ನೇ ಜಿಪ್ ಮಾಡಿ ಸ್ಪಾರ್ಕ್‌ನ --ಪೈ-ಫೈಲ್ಸ್ ಆಯ್ಕೆಯ ಮೂಲಕ ಕಳಿಸಿದರೆ ನಮ್ಮ ಕೋಡ್ ಸಿಗುತ್ತದೆ, ಪಾಂಡಾಸ್‌ಗೆ ಬೇಕಾದ ನಂಪೈ ಮಾತ್ರ ಇಂಪೋರ್ಟ್ ಆಗುವುದಿಲ್ಲ. ಇನ್ನೊಂದು, ನೋಟ್‌ಬುಕ್‌ನಲ್ಲಿ ಬರೆದ ಫಂಕ್ಷನ್ ವರ್ಕರ್‌ಗಳಲ್ಲಿ ಚೆನ್ನಾಗಿಯೇ ಓಡುತ್ತದೆ. ಅದನ್ನೇ ಒಂದು ಮಾಡ್ಯೂಲಿಗೆ ಎತ್ತಿಟ್ಟ ಕೂಡಲೇ 'ಮಾಡ್ಯೂಲ್‌ನಾಟ್‌ಫೌಂಡ್‌ಎರರ್' ಬರುತ್ತದೆ. ಫಂಕ್ಷನ್‌ನಲ್ಲಿ ಒಂದಕ್ಷರವೂ ಬದಲಾಗಿಲ್ಲ. ಕಾರಣ ಏನು, ಸರಿಯಾದ ದಾರಿ ಯಾವುದು?

ಮಗ್ಗದಕೋಲು

ಎರಡನೆಯದನ್ನೇ ಮೊದಲು ತಗೊಳ್ಳೋಣ. ಅದು ತಿಳಿದರೆ ಉಳಿದದ್ದು ಸಲೀಸು.

ಡ್ರೈವರ್‌ನಿಂದ, ಅಂದರೆ ಕೆಲಸ ನಡೆಸೋ ಮುಖ್ಯ ಪ್ರೋಗ್ರಾಮಿನಿಂದ, ವರ್ಕರ್‌ಗೆ ಫಂಕ್ಷನ್ ಹೋಗುವುದು ಕ್ಲೌಡ್‌ಪಿಕಲ್ ಮೂಲಕ. ಪೈಥಾನ್ ವಸ್ತುಗಳನ್ನು ಬೈಟ್‌ಗಳಾಗಿ ಕಟ್ಟೋ (ಪಿಕಲ್ ಮಾಡೋ) ಲೈಬ್ರರಿ ಅದು. ಅದು ಎರಡು ಬಗೆಯಲ್ಲಿ ಕಟ್ಟುತ್ತೆ. ಫಂಕ್ಷನ್ ಹುಟ್ಟಿದ್ದು '__ಮೇನ್__'ನಲ್ಲಾದರೆ, ಅಂದರೆ ನೋಟ್‌ಬುಕ್ ಸೆಲ್ಲಿನಲ್ಲೋ ನೇರವಾಗಿ ಓಡಿಸಿದ ಸ್ಕ್ರಿಪ್ಟಿನಲ್ಲೋ, ಅದರ ಬೈಟ್‌ಕೋಡನ್ನೇ (ಪೈಥಾನ್ ಓಡಿಸೋ ಒಳರೂಪ) ಮೂಟೆ ಕಟ್ಟಿ ಕಳಿಸುತ್ತೆ. ಇಂಪೋರ್ಟ್ ಆಗಬಲ್ಲ ಮಾಡ್ಯೂಲಿನಲ್ಲಿದ್ದರೆ ಹೆಸರು ಮಾತ್ರ ಹೋಗುತ್ತೆ: 'ಶುದ್ಧಿ ಪ್ಯಾಕೇಜಿನ ವಿಳಾಸ ಮಾಡ್ಯೂಲಿನಲ್ಲಿರೋ ಸರಿಪಡಿಸು' ಅನ್ನೋ ಒಂದು ಚೀಟಿ. ವರ್ಕರ್ ಆ ಚೀಟಿ ಓದಿ ತನ್ನ ಕಡೆ ಅದೇ ಹೆಸರನ್ನು ಇಂಪೋರ್ಟ್ ಮಾಡೋಕೆ ಹೋಗುತ್ತೆ. ಅಲ್ಲಿ ಪ್ಯಾಕೇಜೇ ಇಲ್ಲ ಅಂದ್ರೆ ಬೀಳುತ್ತೆ. ನಿಮಗೆ ಆಗಿದ್ದು ಇಷ್ಟೇ.

ಕ್ಲೌಡ್‌ಪಿಕಲ್ 2.0ರಿಂದ 'ರಿಜಿಸ್ಟರ್_ಪಿಕಲ್_ಬೈ_ವ್ಯಾಲ್ಯೂ' ಅಂತ ಒಂದು ಸೌಕರ್ಯ ಇದೆ. ಮಾಡ್ಯೂಲನ್ನು ಅದಕ್ಕೆ ಕೊಟ್ಟರೆ ಚೀಟಿ ಬದಲು ಮೂಟೆಯೇ ಹೋಗುತ್ತೆ. ಆದರೆ ಪೈಸ್ಪಾರ್ಕ್ ತನ್ನೊಳಗೇ ಕ್ಲೌಡ್‌ಪಿಕಲ್‌ನ ಒಂದು ಪ್ರತಿ ಇಟ್ಟುಕೊಂಡಿದೆ. ಹೊರಗೆ ಇನ್‌ಸ್ಟಾಲ್ ಮಾಡಿದ ಪ್ರತಿಯಲ್ಲಿ ನೋಂದಾಯಿಸಿದರೆ ಒಳಗಿನದಕ್ಕೆ ಗೊತ್ತಾಗಲ್ಲ. ಪ್ರಯೋಗ ಮಾಡೋವಾಗ ಇದು ಸಾಕು, ದಿನಾ ಓಡೋ ಕೆಲಸಕ್ಕೆ ಬೇಡ.

ಇನ್ನು ನಂಪೈ. ಶುದ್ಧ ಪೈಥಾನ್ ಫೈಲುಗಳನ್ನು ಜಿಪ್ ಒಳಗಿಂದಲೇ ಓದಬಹುದು. ಆದರೆ ನಂಪೈ, ಪೈಆ್ಯರೋ, ಶೇಪ್ಲಿ ಇವುಗಳ ಹೊಟ್ಟೆಯಲ್ಲಿ ಕಂಪೈಲ್ ಆದ '.ಎಸ್‌ಒ' ಫೈಲುಗಳಿವೆ. ಅವನ್ನು ಮೆಮೊರಿಗೆ ತರೋದು ಆಪರೇಟಿಂಗ್ ಸಿಸ್ಟಮ್‌ನ ಲೋಡರ್. ಅದಕ್ಕೆ ಡಿಸ್ಕ್ ಮೇಲೆ ನಿಜವಾದ ಫೈಲೇ ಬೇಕು. ಹಾಗಾಗಿ --ಪೈ-ಫೈಲ್ಸ್ ಏನಿದ್ದರೂ ನಿಮ್ಮ ಸ್ವಂತ ಆ 40 ಫೈಲುಗಳಿಗೆ. ವೀಲ್ ಫೈಲ್ (ಪೈಥಾನ್ ಪ್ಯಾಕೇಜಿನ ಸಿದ್ಧ ಕಟ್ಟು) ಕೊಟ್ಟರೂ ಅದನ್ನು ಇನ್‌ಸ್ಟಾಲ್ ಮಾಡಲ್ಲ.

ಜಿಪ್ ಮಾಡೋವಾಗ ಎಡವೋ ಜಾಗ ಒಂದಿದೆ. ಫೋಲ್ಡರಿನ ಹೊರಗಿಂದ ಜಿಪ್ ಮಾಡಿದರೆ ಒಳಗೆ 'ಎಸ್‌ಆರ್‌ಸಿ/ಶುದ್ಧಿ/...' ಅಂತ ಕೂರುತ್ತೆ, ಇಂಪೋರ್ಟ್ ಆಗೋದು 'ಶುದ್ಧಿ' ಹೆಸರಲ್ಲಿ. ಪ್ಯಾಕೇಜಿನ ಫೋಲ್ಡರ್ ಜಿಪ್‌ನ ಮೊದಲ ಹಂತದಲ್ಲೇ ಇರಬೇಕು. ಕಳಿಸೋ ಮುಂಚೆ 'ಅನ್‌ಜಿಪ್ -ಎಲ್' ಹಾಕಿ ಒಮ್ಮೆ ಕಣ್ಣಾಡಿಸಿ.

ಕೆಂಪುದಾರ

ಮಗ್ಗದಕೋಲು ಅವರು ಹೇಳಿದ್ದು ಸರಿ. ಯಂತ್ರದಲ್ಲಿರುವ ಪೈಥಾನೇ ಬೇರೆ ಆವೃತ್ತಿ ಎಂದಮೇಲೆ ಇಂಟರ್‌ಪ್ರಿಟರನ್ನೂ (ಕೋಡ್ ಓಡಿಸುವ ಪೈಥಾನನ್ನೇ) ಜೊತೆಗೆ ಕಳಿಸಬೇಕಾಗುತ್ತದೆ. ಡ್ರೈವರ್ 3.11, ವರ್ಕರ್ 3.9 ಇದ್ದರೆ ಪೈಸ್ಪಾರ್ಕ್ ಆರಂಭದಲ್ಲೇ ನಿಲ್ಲಿಸಿಬಿಡುತ್ತದೆ. ಬೈಟ್‌ಕೋಡ್ ಆವೃತ್ತಿಯಿಂದ ಆವೃತ್ತಿಗೆ ಬದಲಾಗುವುದರಿಂದ ಆ ತಡೆ ಇರುವುದು ಒಳ್ಳೆಯದೇ.

ನಿಮ್ಮ ಸ್ಥಿತಿಗೆ ಕೊಂಡಾ-ಪ್ಯಾಕ್ ಹೊಂದುತ್ತದೆ. ಕೊಂಡಾ ಎಂಬ ಪ್ಯಾಕೇಜ್ ವ್ಯವಸ್ಥೆಯಲ್ಲಿ ಮಾಡಿದ ಇಡೀ ಎನ್ವಿರಾನ್‌ಮೆಂಟನ್ನು, ಇಂಟರ್‌ಪ್ರಿಟರ್ ಸಮೇತ, ಅದು ಒಂದೇ ಆರ್ಕೈವ್ ಮಾಡುತ್ತದೆ. ವೆನ್ವ್-ಪ್ಯಾಕ್ ಬೇಡ, ಅದು ಇಂಟರ್‌ಪ್ರಿಟರಿಗೆ ಸಿಮ್‌ಲಿಂಕ್ (ಬೇರೆ ಕಡೆಯ ಫೈಲನ್ನು ತೋರಿಸುವ ಕೊಂಡಿ) ಮಾತ್ರ ಇಡುತ್ತದೆ, ಅದೇ ಪೈಥಾನ್ ಎಲ್ಲ ಯಂತ್ರಗಳಲ್ಲೂ ಅದೇ ಜಾಗದಲ್ಲಿ ಇರಬೇಕಾಗುತ್ತದೆ. ಪೆಕ್ಸ್ ಎಂಬ ಇನ್ನೊಂದು ಸಾಧನದ್ದೂ ಹೆಚ್ಚುಕಡಿಮೆ ಅದೇ ಕಥೆ: ಸಾಮಾನ್ಯವಾಗಿ ಕಟ್ಟುವ ಪೆಕ್ಸ್ ಫೈಲಿಗೆ ಅಲ್ಲಿ ಹೊಂದುವ ಪೈಥಾನ್ ಇರಲೇಬೇಕು.

ಮೊದಲು ಹೊಸ ಎನ್ವಿರಾನ್‌ಮೆಂಟ್ ಮಾಡಿ. ಪೈಥಾನ್ 3.11, ಪಾಂಡಾಸ್, ಪೈಆ್ಯರೋ, ಶೇಪ್ಲಿ, ಎಲ್ಲಕ್ಕೂ ಆವೃತ್ತಿ ನಿಖರವಾಗಿ ಬರೆದಿರಲಿ. ನಂಪೈಯನ್ನೂ ಹೆಸರಿಸಿ ಕಟ್ಟಿಹಾಕಿ, ಬೇರೆಯವರ ಬಾಲ ಹಿಡಿದು ಬರಲು ಬಿಡಬೇಡಿ. ಜೂಪಿಟರ್, ಪೈಟೆಸ್ಟ್ ಇಂಥವು ಇದರೊಳಗೆ ಬೇಡ. ಕೊಂಡಾ-ಫೋರ್ಜ್ ಚಾನೆಲ್‌ನಿಂದ ತಂದರೆ ನಂಪೈ ಜೊತೆ ಗಣಿತದ ಲೈಬ್ರರಿಯಾಗಿ ಓಪನ್‌ಬ್ಲಾಸ್ ಬರುತ್ತದೆ, ದಪ್ಪನೆಯ ಎಂಕೆಎಲ್ ಬರುವುದಿಲ್ಲ. ಗಾತ್ರ ಗಣನೀಯವಾಗಿ ಇಳಿಯುತ್ತದೆ.

ಆಮೇಲೆ ಕೊಂಡಾ-ಪ್ಯಾಕ್ ಓಡಿಸಿ 'ಟಾರ್.ಜಿಜೆಡ್' ಮಾಡಿ. ಇಲ್ಲಿ ಎರಡು ತಕರಾರು ಬರುವುದು ಸಾಮಾನ್ಯ. ನಿಮ್ಮ ಪ್ಯಾಕೇಜನ್ನು 'ಪಿಪ್ ಇನ್‌ಸ್ಟಾಲ್ -ಇ' ಮೂಲಕ ಹಾಕಿದ್ದರೆ ಕಟ್ಟಲು ಒಪ್ಪುವುದಿಲ್ಲ, ಯಾಕೆಂದರೆ ಆ ಕೋಡ್ ಎನ್ವಿರಾನ್‌ಮೆಂಟಿನ ಒಳಗೇ ಇಲ್ಲ, ನಿಮ್ಮ ಫೋಲ್ಡರಿನಲ್ಲಿದೆ. ಇನ್ನೊಂದು, ಕೊಂಡಾ ಹಾಕಿದ ಪ್ಯಾಕೇಜಿನ ಮೇಲೆ ಪಿಪ್ ಮತ್ತೆ ಬರೆದಿದ್ದರೆ 'ಕೊಂಡಾ ನೋಡಿಕೊಳ್ಳುತ್ತಿದ್ದ ಫೈಲುಗಳು ಕಾಣೆಯಾಗಿವೆ' ಎಂದು ದೂರುತ್ತದೆ. ಇವೆರಡನ್ನೂ ಕಡೆಗಣಿಸುವ ಆಯ್ಕೆಗಳಿವೆ, ಆದರೆ ಬಳಸಬೇಡಿ. ಎನ್ವಿರಾನ್‌ಮೆಂಟ್ ಅಳಿಸಿ ಮೊದಲಿನಿಂದ ಮಾಡುವುದಕ್ಕೆ ಕೆಲವೇ ನಿಮಿಷ ಸಾಕು.

ನಂತರ ಕೆಲಸ ಕಳಿಸುವ ಸ್ಪಾರ್ಕ್-ಸಬ್‌ಮಿಟ್ ಆದೇಶಕ್ಕೆ --ಆರ್ಕೈವ್ಸ್ ಕೊಟ್ಟು, ಫೈಲ್ ಹೆಸರಿನ ಕೊನೆಗೆ ಹ್ಯಾಶ್ ಗುರುತು ಹಾಕಿ ಒಂದು ಹೆಸರಿಡಿ, '#ಎನ್ವಿ' ಎಂದುಕೊಳ್ಳಿ. ಪ್ರತಿ ಎಕ್ಸಿಕ್ಯೂಟರಿನ (ವರ್ಕರ್ ಯಂತ್ರದಲ್ಲಿ ಸ್ಪಾರ್ಕ್ ಓಡಿಸುವ ಪ್ರಕ್ರಿಯೆ) ಕೆಲಸದ ಫೋಲ್ಡರಿನಲ್ಲಿ ಅದೇ ಹೆಸರಲ್ಲಿ ಬಿಚ್ಚಿಕೊಳ್ಳುತ್ತದೆ. ಪೈಸ್ಪಾರ್ಕ್_ಪೈಥಾನ್ ಎಂಬ ವೇರಿಯಬಲ್‌ಗೆ './ಎನ್ವಿ/ಬಿನ್/ಪೈಥಾನ್' ಎಂದು ಕೊಡಿ. ಮುಂದಿನ ಚುಕ್ಕಿ ಮತ್ತು ಗೆರೆ ಮರೆಯಬಾರದು, ಅದು ಕೆಲಸದ ಫೋಲ್ಡರಿಗೆ ಸಂಬಂಧಿಸಿದ ದಾರಿ. ಕ್ಲಸ್ಟರ್ ಮೋಡ್‌ನಲ್ಲಿ ಡ್ರೈವರ್ ಕೂಡ ಕ್ಲಸ್ಟರ್ ಒಳಗೇ ಓಡುವುದರಿಂದ ಪೈಸ್ಪಾರ್ಕ್_ಡ್ರೈವರ್_ಪೈಥಾನ್ ಎಂಬುದನ್ನು ಇಡಲೇಬಾರದು. ಡ್ರೈವರ್ ನಿಮ್ಮ ಯಂತ್ರದಲ್ಲೇ ಓಡುವ ಕ್ಲೈಂಟ್ ಮೋಡ್‌ನಲ್ಲಿ ಮಾತ್ರ ಅದಕ್ಕೆ ನಿಮ್ಮ ಕಡೆಯ 3.11 ಪೈಥಾನ್ ತೋರಿಸಿ.

ಟಾರ್.ಜಿಜೆಡ್ ಅನ್ನೇ ಬಳಸಿ. ಕೊಂಡಾ-ಪ್ಯಾಕ್ ಬೇರೆ ರೂಪಗಳನ್ನೂ ಕೊಡುತ್ತದೆ, ಆದರೆ ಸ್ಪಾರ್ಕ್ ಎಲ್ಲವನ್ನೂ ಬಿಚ್ಚುವುದಿಲ್ಲ. ಜಿಪ್ ಆದರೆ ಬಿಚ್ಚುವಾಗ ಎಕ್ಸಿಕ್ಯೂಟ್ ಅನುಮತಿ ಬಿದ್ದುಹೋಗಿ 'ಪರ್ಮಿಷನ್ ಡಿನೈಡ್' ಬರಬಹುದು.

ನಿಮ್ಮ 40 ಫೈಲುಗಳನ್ನು ಮಾತ್ರ ಈ ಆರ್ಕೈವ್ ಒಳಗೆ ತುರುಕಬೇಡಿ. ಅವು ದಿನಕ್ಕೆ ಹತ್ತು ಸಲ ಬದಲಾಗುತ್ತವೆ, ಪೈಆ್ಯರೋ ತಿಂಗಳಿಗೊಮ್ಮೆಯೂ ಬದಲಾಗುವುದಿಲ್ಲ. ಚಿಕ್ಕದನ್ನು --ಪೈ-ಫೈಲ್ಸ್‌ನಲ್ಲಿ, ದೊಡ್ಡದನ್ನು --ಆರ್ಕೈವ್ಸ್‌ನಲ್ಲಿ ಕಳಿಸಿ. ಈ ಬೇರ್ಪಡಿಕೆ ಒಂದನ್ನು ಸರಿಯಾಗಿ ಮಾಡಿಕೊಂಡರೆ ಮುಂದಿನ ಅರ್ಧ ತೊಂದರೆ ಹುಟ್ಟುವುದೇ ಇಲ್ಲ.

ಹೊಂಗೆನೆರಳು

ಇಬ್ಬರಿಗೂ ಧನ್ಯವಾದ. ಇಂಟರ್‌ಪ್ರಿಟರ್ ಈಗ ಏಳುತ್ತಿದೆ, ಪಾಂಡಾಸ್ ಕೂಡ ಬಂತು. ಶೇಪ್ಲಿ ಮಾತ್ರ ಬೀಳುತ್ತಿದೆ: 'ಜಿಲಿಬ್‌ಸಿ_2.34 ಸಿಗಲಿಲ್ಲ'. ಅದನ್ನು ಪಿಪ್‌ನಿಂದ, ಸೋರ್ಸಿನಿಂದಲೇ ಕಟ್ಟಿಸಿ ಹಾಕಿದ್ದು. ಆರ್ಕೈವ್ ಮಾಡಿದ ಯಂತ್ರ ಉಬುಂಟು 22.04.

ಅಡ್ಡಗೆರೆ

ಕಾರಣ ನಿಮ್ಮ ಕೊನೆಯ ಎರಡು ವಾಕ್ಯದಲ್ಲೇ ಇದೆ. ಕೊಂಡಾ-ಪ್ಯಾಕ್ ಇಂಟರ್‌ಪ್ರಿಟರನ್ನು ಹೊತ್ತೊಯ್ಯುತ್ತೆ, ಜಿಲಿಬ್‌ಸಿಯನ್ನು (ಲಿನಕ್ಸ್‌ನ ಮೂಲ ಸಿ ಲೈಬ್ರರಿ) ಒಯ್ಯಲ್ಲ. ಅದು ಆಯಾ ಯಂತ್ರದ್ದೇ. ಉಬುಂಟು 22.04ರಲ್ಲಿ ಜಿಲಿಬ್‌ಸಿ 2.35. ರೆಡ್‌ಹ್ಯಾಟ್ 8ರ ಸಾಲಿನ ಯಂತ್ರಗಳಲ್ಲಿ 2.28, 7ರ ಸಾಲಿನಲ್ಲಿ 2.17. ಹಳೆಯ ಜಿಲಿಬ್‌ಸಿ ಮೇಲೆ ಕಟ್ಟಿದ್ದು ಹೊಸದರ ಮೇಲೆ ಓಡುತ್ತೆ, ಹೊಸದರ ಮೇಲೆ ಕಟ್ಟಿದ್ದು ಹಳೆಯದರ ಮೇಲೆ ಓಡುತ್ತೆ ಅನ್ನೋ ಭರವಸೆ ಇಲ್ಲ. ಸೋರ್ಸಿನಿಂದ ಕಟ್ಟಿದಾಗ ಅದು ನಿಮ್ಮ ಯಂತ್ರದ 2.35ಕ್ಕೆ ಬೆಸೆದುಕೊಂಡಿತು.

ಆದ್ದರಿಂದ ಆರ್ಕೈವ್ ಕಟ್ಟೋ ಜಾಗ ವರ್ಕರ್‌ನಷ್ಟೇ ಹಳೆಯದಿರಬೇಕು, ಅಥವಾ ಅದಕ್ಕಿಂತ ಹಳೆಯದು. ವರ್ಕರ್‌ನ ಆಪರೇಟಿಂಗ್ ಸಿಸ್ಟಮ್ ಇರೋ ಕಂಟೇನರಿನ (ಬೇಕಾದ ಸಿಸ್ಟಮ್ ಫೈಲುಗಳೆಲ್ಲ ಒಳಗೇ ಇರೋ ಪ್ರತ್ಯೇಕ ಆವರಣ) ಒಳಗೆ ಕಟ್ಟೋದು ಸುಲಭದ ದಾರಿ. ಅದಾಗದಿದ್ದರೆ ರೆಡಿ ವೀಲ್‌ಗಳನ್ನೇ ತನ್ನಿ: ಪಿಪ್ ಡೌನ್‌ಲೋಡ್‌ಗೆ ಪ್ಲಾಟ್‌ಫಾರ್ಮ್ 'ಮೆನಿಲಿನಕ್ಸ್2014_ಎಕ್ಸ್86_64' ಅಂತ ಕೊಟ್ಟು, 'ಓನ್ಲಿ-ಬೈನರಿ' ಆಯ್ಕೆಗೆ 'ಆಲ್' ಹಾಕಿ. ಮೆನಿಲಿನಕ್ಸ್2014 ಅಂದ್ರೆ ಜಿಲಿಬ್‌ಸಿ 2.17 ಸಾಕು ಅಂತ. 'ಮೆನಿಲಿನಕ್ಸ್_2_28' ಅಂತಿದ್ದರೆ ಹೆಸರಲ್ಲೇ ಬರೆದಿದೆ. ಓನ್ಲಿ-ಬೈನರಿ ಹಾಕಿದ ಮೇಲೆ ಯಾವುದಾದರೂ ಪ್ಯಾಕೇಜಿಗೆ ವೀಲ್ ಸಿಗದಿದ್ದರೆ ಅಲ್ಲೇ ನಿಲ್ಲುತ್ತೆ. ರಾತ್ರಿ ಕ್ಲಸ್ಟರಿನಲ್ಲಿ ಬೀಳೋದಕ್ಕಿಂತ ಕಟ್ಟೋ ಹೊತ್ತಲ್ಲೇ ಬೀಳಲಿ.

ಕೊಂಡಾದಿಂದ ತರೋವಾಗ ಅದು ಕಟ್ಟೋ ಯಂತ್ರದ ಜಿಲಿಬ್‌ಸಿ ನೋಡಿಯೇ ಪ್ಯಾಕೇಜ್ ಆರಿಸುತ್ತೆ. 'ಕೊಂಡಾ_ಓವರ್‌ರೈಡ್_ಜಿಲಿಬ್‌ಸಿ' ವೇರಿಯಬಲ್‌ಗೆ ವರ್ಕರ್‌ನ ಸಂಖ್ಯೆ ಕೊಟ್ಟರೆ ಅದಕ್ಕೆ ತಕ್ಕದ್ದನ್ನೇ ಆರಿಸುತ್ತೆ.

ಆರ್ಮ್ ಚಿಪ್ ಇರೋ ಲ್ಯಾಪ್‌ಟಾಪಿನಲ್ಲಿ ಕಟ್ಟುವವರಿಗೆ ಒಂದು ಮಾತು: ಡಾಕರ್ ಒಳಗೆ ಕಟ್ಟಿದರೂ ಡೀಫಾಲ್ಟ್ ಆಗಿ ಬರೋದು ಆರ್ಮ್ ಇಮೇಜೇ. ಪ್ಲಾಟ್‌ಫಾರ್ಮ್ ಹೆಸರಿಸಿ, ಇಲ್ಲದಿದ್ದರೆ ಎಕ್ಸ್86 ವರ್ಕರ್‌ನಲ್ಲಿ 'ಎಕ್ಸೆಕ್ ಫಾರ್ಮ್ಯಾಟ್ ಎರರ್' ಬರುತ್ತೆ. ಆಲ್ಪೈನ್ ಇಮೇಜಿನ ಮೇಲೂ ಕಟ್ಟಬೇಡಿ. ಅದರಲ್ಲಿ ಜಿಲಿಬ್‌ಸಿ ಇಲ್ಲ, ಮಸಲ್ ಎಂಬ ಬೇರೆ ಸಿ ಲೈಬ್ರರಿ ಇದೆ; ಮೆನಿಲಿನಕ್ಸ್ ವೀಲ್‌ಗಳು ಅಲ್ಲಿ ಹೊಂದಲ್ಲ.

ತಿರುಗಣಿ

ಇಷ್ಟೆಲ್ಲ ಯಾಕೆ? ವರ್ಕರ್ ಏಳುವಾಗಲೇ ರಿಕ್ವೈರ್‌ಮೆಂಟ್ಸ್ ಫೈಲಿನಿಂದ ಪಿಪ್ ಇನ್‌ಸ್ಟಾಲ್ ಓಡಿಸಿದರೆ ಆಗದೇ? ಅನುಮತಿ ಇರುವ ಕ್ಲಸ್ಟರಿನಲ್ಲಿ ಎರಡೇ ಸಾಲಿನ ಸ್ಕ್ರಿಪ್ಟ್ ಸಾಕು.

ಕೆಂಪುದಾರ

ಐದು ವರ್ಕರ್ ಇದ್ದರೆ ನಡೆಯುತ್ತದೆ. 200 ಇದ್ದರೆ ಅದೇ ವೀಲ್‌ಗಳನ್ನು 200 ಸಲ ಇಳಿಸಬೇಕು. ರೆಪಾಸಿಟರಿ ಅವುಗಳಲ್ಲಿ ಒಂದಿಬ್ಬರಿಗೆ ಉತ್ತರಿಸುವುದು ತಡವಾದರೂ ಆ ವರ್ಕರ್‌ಗಳು ಏಳುವುದಿಲ್ಲ. ಅದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಕೆಲಸ ಆರು ಗಂಟೆ ಓಡುತ್ತದೆ, ನಡುವೆ ಲೋಡ್ ಏರಿ ಹೊಸ ವರ್ಕರ್‌ಗಳು ಸೇರುತ್ತವೆ. ಅಷ್ಟರಲ್ಲಿ ಯಾವುದೋ ಲೈಬ್ರರಿಯ ಹೊಸ ಆವೃತ್ತಿ ಹೊರಬಿದ್ದಿದ್ದರೆ ಒಂದೇ ಕೆಲಸದ ಅರ್ಧ ವರ್ಕರ್‌ಗಳು ಹಳೆಯದರಲ್ಲಿ, ಇನ್ನರ್ಧ ಹೊಸದರಲ್ಲಿ ಓಡುತ್ತವೆ. ಅದು ಬಿದ್ದರೆ ನಮ್ಮ ಪುಣ್ಯ. ಬೀಳದೆ ಬೇರೆ ಬೇರೆ ಉತ್ತರ ಕೊಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ.

ಜೂನ್ 2024ರಲ್ಲಿ ನಂಪೈ 2.0 ಬಂದಾಗ ಇದೇ ಬಗೆಯ ತೊಡಕು ಎದುರಾಯಿತು. 2.0ದಲ್ಲಿ ಒಳಗಿನ ಮಾಡ್ಯೂಲಿನ ಹೆಸರು 'ನಂಪೈ.ಕೋರ್' ಹೋಗಿ 'ನಂಪೈ._ಕೋರ್' ಆಯಿತು. ಹಾಗಾಗಿ 2.0 ಇರುವ ಕಡೆ ಪಿಕಲ್ ಮಾಡಿದ ಅರೇಯನ್ನು 1.25 ಇರುವ ಕಡೆ ತೆರೆದರೆ ಆ ಹೆಸರಿನ ಮಾಡ್ಯೂಲೇ ಇಲ್ಲ ಎಂದು ಬೀಳುತ್ತದೆ. ಡ್ರೈವರ್ ಒಂದು ಕಡೆ, ವರ್ಕರ್ ಒಂದು ಕಡೆ ಇನ್‌ಸ್ಟಾಲ್ ಆದರೆ ಆಗುವುದು ಹೀಗೆ.

ಪಿಪ್ ಇನ್‌ಸ್ಟಾಲ್ ಬೇಕೇ ಬೇಕೆಂದರೆ ಪಿಪ್-ಕಂಪೈಲ್ ಅಥವಾ ಯೂವಿಯಿಂದ ಹ್ಯಾಶ್ (ಫೈಲಿನ ಒಳಾಂಶದ ಬೆರಳಚ್ಚು) ಸಮೇತ ಲಾಕ್ ಫೈಲ್ (ಪ್ರತಿ ಪ್ಯಾಕೇಜಿನ ನಿಖರ ಆವೃತ್ತಿಯ ಪಟ್ಟಿ) ಮಾಡಿ, --ರಿಕ್ವೈರ್-ಹ್ಯಾಶಸ್ ಹಾಕಿ ಓಡಿಸಿ. ಆವೃತ್ತಿ ಬೆರಕೆಯಾಗುವುದು ಅಲ್ಲಿಗೆ ನಿಲ್ಲುತ್ತದೆ. ಏಳುವುದು ತಡವಾಗುವುದು ಹಾಗೇ ಉಳಿಯುತ್ತದೆ.

ಬೆಳ್ಳಿಕಡಗ

ಯಾರ್ನ್ ಕಟ್ಟುಪಾಡು ಇಲ್ಲದವರು, ಕುಬರ್ನೆಟೀಸ್ (ಕಂಟೇನರ್‌ಗಳನ್ನು ನಡೆಸುವ ವ್ಯವಸ್ಥೆ) ಮೇಲೆ ಇರುವವರು, ಆರ್ಕೈವ್ ಗೊಡವೆಗೆ ಹೋಗದೆ ಕಂಟೇನರ್ ಇಮೇಜನ್ನೇ ಮಾಡಿ ಎಂಬುದು ನನ್ನ ಸಲಹೆ. ಇಮೇಜಿನಲ್ಲಿ ಜಿಲಿಬ್‌ಸಿಯೂ ಒಳಗೇ ಇರುತ್ತದೆ, ಶೇಪ್ಲಿಗೆ ಬೇಕಾದ ಜಿಯೋಸ್‌ನಂಥ ಸಿಸ್ಟಮ್ ಲೈಬ್ರರಿಗಳೂ ಇರುತ್ತವೆ. ಮೇಲಿನ ಅರ್ಧ ಚರ್ಚೆಗೆ ಅಲ್ಲಿ ಕೆಲಸವೇ ಇಲ್ಲ.

ಇಮೇಜ್ ಇರುವುದು ಲೇಯರ್‌ಗಳಾಗಿ, ಅಂದರೆ ಪದರ ಪದರವಾಗಿ; ಅವುಗಳ ಕ್ರಮ ಮುಖ್ಯ. ಮೊದಲು ಸಿಸ್ಟಮ್ ಲೈಬ್ರರಿ, ಆಮೇಲೆ ಲಾಕ್ ಫೈಲ್ ಮಾತ್ರ ನಕಲು ಮಾಡಿ ಇನ್‌ಸ್ಟಾಲ್, ಕಟ್ಟಕಡೆಗೆ ನಿಮ್ಮ ಕೋಡ್. ಕೋಡನ್ನು ಮೊದಲೇ ನಕಲು ಮಾಡಿದರೆ ಒಂದು ಅಲ್ಪವಿರಾಮ ತಿದ್ದಿದರೂ ಇಡೀ ಇನ್‌ಸ್ಟಾಲ್ ಲೇಯರ್ ಹೊಸದಾಗುತ್ತದೆ, ಪ್ರತಿ ನೋಡ್ ಅದನ್ನು ಮತ್ತೆ ಎಳೆದುಕೊಳ್ಳಬೇಕಾಗುತ್ತದೆ. ಕ್ರಮ ಸರಿಯಿದ್ದರೆ ಇಳಿಯುವುದು ಕೊನೆಯ ಚಿಕ್ಕ ಲೇಯರ್ ಮಾತ್ರ.

'ಲೇಟೆಸ್ಟ್' ಎಂಬ ಟ್ಯಾಗ್ ಇಲ್ಲಿ ವಿಷ. ಕೆಲಸ ನಡೆಯುತ್ತಿರುವಾಗ ಯಾರಾದರೂ ಹೊಸ ಇಮೇಜ್ ತಳ್ಳಿದರೆ ತಡವಾಗಿ ಸೇರುವ ಎಕ್ಸಿಕ್ಯೂಟರ್ ಹೊಸದನ್ನು ಎಳೆಯಬಹುದು. ಟ್ಯಾಗ್ ಬದಲು ಡೈಜೆಸ್ಟ್ (ಇಮೇಜಿನ ಒಳಾಂಶದಿಂದ ಲೆಕ್ಕ ಹಾಕಿದ ಗುರುತು) ಬರೆಯಿರಿ, ಅದು ಬದಲಾಗಲು ಸಾಧ್ಯವೇ ಇಲ್ಲ. ಸ್ಪಾರ್ಕ್‌ನ ಇಮೇಜುಗಳು ಡೀಫಾಲ್ಟ್ ಆಗಿ 185 ಎಂಬ ಬಳಕೆದಾರ ಸಂಖ್ಯೆಯಲ್ಲಿ ಓಡುತ್ತವೆ. ನೀವು ರೂಟ್ ಆಗಿ ಹಾಕಿದ ಫೈಲುಗಳನ್ನು ಆ ಬಳಕೆದಾರ ಓದಲು ಆಗಬೇಕು. ಪಾಸ್‌ವರ್ಡ್, ಕೀಲಿ ಯಾವುದನ್ನೂ ಇಮೇಜಿನಲ್ಲಿ ಇಡಬೇಡಿ. ನಂತರದ ಲೇಯರಿನಲ್ಲಿ ಅಳಿಸಿದರೂ ಹಿಂದಿನ ಲೇಯರಿನಲ್ಲಿ ಅದು ಹಾಗೇ ಇರುತ್ತದೆ.

ತಿರುಗಣಿ

ಸರಿ, ಪಿಪ್ ಮಾತು ವಾಪಸ್ ತಗೊಂಡೆ. ಡೇಟಾ ಸಂಸ್ಕರಣೆಯ ಇನ್ನೊಂದು ಚೌಕಟ್ಟಾದ ಅಪಾಚೆ ಬೀಮ್‌ನಲ್ಲಿ ಇದೇ ತತ್ವ ನಡೆಯುತ್ತದೆಯೇ? ಅಲ್ಲಿ ಮೇಲ್ಗಡೆ ಇಂಪೋರ್ಟ್ ಮಾಡಿದ ಹೆಸರೇ ವರ್ಕರ್‌ನಲ್ಲಿ 'ನೇಮ್‌ಎರರ್' ಕೊಡುತ್ತದೆ.

ಮಗ್ಗದಕೋಲು

ತತ್ವ ಅದೇ. ನಿಮ್ಮ ನೇಮ್‌ಎರರ್ ಬರೋದು ಮುಖ್ಯ ಸ್ಕ್ರಿಪ್ಟಿನ ಗ್ಲೋಬಲ್ ಹೆಸರುಗಳು ವರ್ಕರ್‌ಗೆ ಹೋಗದೇ ಇರೋದರಿಂದ. ಪಿಕಲ್ ಮಾಡೋಕೆ ಡಿಲ್ ಎಂಬ ಲೈಬ್ರರಿ ಇದ್ದಾಗ 'ಸೇವ್_ಮೇನ್_ಸೆಷನ್' ಹಾಕಿದರೆ ಅವನ್ನೂ ಕಟ್ಟಿ ಕಳಿಸುತ್ತೆ. ಆದರೆ ಆ ಗ್ಲೋಬಲ್‌ಗಳಲ್ಲಿ ಡೇಟಾಬೇಸ್ ಕ್ಲೈಂಟ್, ಥ್ರೆಡ್ ಲಾಕ್ ಏನಾದರೂ ಇದ್ದರೆ ಪಿಕಲ್ ಆಗದೆ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತೆ. ಮುಖ್ಯ ಸ್ಕ್ರಿಪ್ಟನ್ನು ನಾಲ್ಕೇ ಸಾಲಿಗೆ ಇಳಿಸಿ, ಉಳಿದದ್ದನ್ನೆಲ್ಲ ಪ್ಯಾಕೇಜ್ ಮಾಡಿ --ಸೆಟಪ್_ಫೈಲ್ ಮೂಲಕ ಕೊಡಿ. ಡೇಟಾಬೇಸ್ ಕ್ಲೈಂಟ್ ಕಟ್ಟೋ ಜಾಗ ಡುಫನ್ನಿನ (ದಾಖಲೆಗಳನ್ನು ಸಂಸ್ಕರಿಸೋ ಬೀಮ್ ಕ್ಲಾಸ್) 'ಸೆಟಪ್' ಮೆಥಡ್. ಅದು ವರ್ಕರ್‌ನಲ್ಲೇ ಓಡುತ್ತೆ. ಸ್ಪಾರ್ಕ್‌ನಲ್ಲಿ ಅದಕ್ಕೆ ಸಮನಾದದ್ದು, ಡೇಟಾದ ತುಂಡಿಗೊಮ್ಮೆ ಓಡೋ ಮ್ಯಾಪ್‌ಪಾರ್ಟಿಷನ್ಸ್ ಒಳಗೆ ಕಟ್ಟೋದು.

--ರಿಕ್ವೈರ್‌ಮೆಂಟ್ಸ್_ಫೈಲ್ ಕೊಟ್ಟರೆ ಪ್ರತಿ ವರ್ಕರ್ ಏಳೋವಾಗ ಇನ್‌ಸ್ಟಾಲ್ ನಡೆಯುತ್ತೆ. ಕೆಂಪುದಾರ ಅವರು ಹೇಳಿದ ತಡ ಇಲ್ಲೂ ಇದೆ. ದೊಡ್ಡ ಕೆಲಸಕ್ಕೆ --ಎಸ್‌ಡಿಕೆ_ಕಂಟೇನರ್_ಇಮೇಜ್ ಬಳಸಿ. ಇಮೇಜಿನಲ್ಲಿರೋ ಬೀಮ್ ಆವೃತ್ತಿ, ಪೈಥಾನ್ ಆವೃತ್ತಿ ಎರಡೂ ಸಬ್‌ಮಿಟ್ ಮಾಡೋ ಕಡೆಯದಕ್ಕೆ ಸರಿಹೊಂದಬೇಕು.

ಡಾಸ್ಕ್, ರೇ ಇವೂ ಕೆಲಸ ಹಂಚೋ ಪೈಥಾನ್ ಲೈಬ್ರರಿಗಳೇ. ಡಾಸ್ಕ್ ಬಳಸೋರು ಕ್ಲೈಂಟಿನ 'ಗೆಟ್_ವರ್ಷನ್ಸ್'ಗೆ ಚೆಕ್ ಹಾಕಿ ಓಡಿಸಿದರೆ ಎರಡೂ ಕಡೆಯ ವ್ಯತ್ಯಾಸ ಅದೇ ಹೇಳುತ್ತೆ. ರೇ ಬಳಸೋರು 'ವರ್ಕಿಂಗ್_ಡಿರ್' ಕೊಡೋವಾಗ ಒಂದು ತಿಳಿದಿರಲಿ: ಅದು ಗಿಟ್‌ಇಗ್ನೋರ್ ಪಾಲಿಸುತ್ತೆ. ಗಿಟ್‌ನಿಂದ ಹೊರಗಿಟ್ಟ ಮಾಡೆಲ್ ಫೈಲ್ ಸದ್ದಿಲ್ಲದೆ ಬಿಟ್ಟುಹೋಗುತ್ತೆ.

ಬೆಳ್ಳಿಕಡಗ

ಫೈಲ್ ಎಂದಾಗ ನೆನಪಾಯಿತು. ಪ್ಯಾಕೇಜಿನ ಒಳಗೆ ಪಿನ್‌ಕೋಡ್ ಪಟ್ಟಿಯಂಥ ಡೇಟಾ ಫೈಲ್ ಇದ್ದು, ಕೋಡಿನಲ್ಲಿ '__ಫೈಲ್__' ದಾರಿ ಹಿಡಿದು 'ಓಪನ್' ಮಾಡಿದ್ದರೆ ಜಿಪ್ ಒಳಗೆ ಅದು ಸಿಗುವುದಿಲ್ಲ. ದಾರಿಯ ನಡುವೆ ಜಿಪ್ ಫೈಲಿನ ಹೆಸರು ಬರುತ್ತದೆ. ಇಂಪೋರ್ಟ್‌ಲಿಬ್‌ನ 'ರಿಸೋರ್ಸಸ್' ಬಳಸಿ. ಅದರ 'ಫೈಲ್ಸ್' ಫಂಕ್ಷನ್ ಪೈಥಾನ್ 3.9ರಿಂದ ಇದೆ.

ಹೊಂಗೆನೆರಳು

ರೆಡ್‌ಹ್ಯಾಟ್ 8 ಕಂಟೇನರಿನಲ್ಲಿ ಮತ್ತೆ ಕಟ್ಟಿದೆ. ಶೇಪ್ಲಿ ಬಂತು. ಎಲ್ಲ ವರ್ಕರ್‌ಗಳಲ್ಲೂ ಒಂದೇ ಎನ್ವಿರಾನ್‌ಮೆಂಟ್ ಇದೆಯೆಂದು ಖಚಿತ ಮಾಡಿಕೊಳ್ಳುವುದು ಹೇಗೆ? ಇನ್ನೊಂದು: ಜಾವಾ ಕಡೆಯ ಒಂದು ಕನೆಕ್ಟರನ್ನು ಅದರ ಡಿಪೆಂಡೆನ್ಸಿಗಳೊಂದಿಗೆ ಒಂದೇ ಜಾರ್ (ಜಾವಾ ಕೋಡಿನ ಕಟ್ಟು) ಮಾಡಿ ಹಾಕಿದಾಗಿನಿಂದ 'ಡೇಟಾ ಸೋರ್ಸ್ ಸಿಗಲಿಲ್ಲ' ಎನ್ನುತ್ತಿದೆ. ಕ್ಲಾಸ್ ಜಾರ್ ಒಳಗೇ ಇದೆ, ನೋಡಿದ್ದೇನೆ.

ಅಡ್ಡಗೆರೆ

ಮೊದಲನೆಯದಕ್ಕೆ ಒಂದು ಪುಟ್ಟ ತಪಾಸಣೆ ಕೆಲಸ ಇಟ್ಟುಕೊಳ್ಳಿ. ಎಕ್ಸಿಕ್ಯೂಟರ್ ಸಂಖ್ಯೆಯ ನಾಲ್ಕೈದು ಪಟ್ಟು ಪಾರ್ಟಿಷನ್ ಇರೋ ಆರ್‌ಡಿಡಿ (ಯಂತ್ರಗಳಿಗೆ ಹಂಚಿದ ಸ್ಪಾರ್ಕ್ ಡೇಟಾ) ಮಾಡಿ, ಪ್ರತಿಯೊಂದರಿಂದಲೂ ಇಷ್ಟನ್ನು ಸೇರಿಸಿ ವಾಪಸ್ ಕೊಡಿ: ಸಿಸ್.ಎಕ್ಸಿಕ್ಯೂಟಬಲ್, ಸಿಸ್.ವರ್ಷನ್, ಪ್ಲಾಟ್‌ಫಾರ್ಮ್.ಲಿಬ್‌ಸಿ_ವರ್, ಪ್ಲಾಟ್‌ಫಾರ್ಮ್.ಮಷೀನ್, ನಂಪೈ ಮತ್ತು ಪೈಆ್ಯರೋ ಆವೃತ್ತಿ. 'ಡಿಸ್ಟಿಂಕ್ಟ್' ಹಾಕಿ 'ಕಲೆಕ್ಟ್' ಮಾಡಿ. ಎಕ್ಸಿಕ್ಯೂಟಬಲ್‌ನ ದಾರಿಯಲ್ಲಿ ಕಂಟೇನರಿನ ಸಂಖ್ಯೆ ಬಂದರೆ ಅದು ಒಂದೊಂದು ಕಡೆ ಒಂದೊಂದಾಗಿರುತ್ತೆ, ಕೊನೆಯ ತುಂಡು ಮಾತ್ರ ಇಟ್ಟುಕೊಳ್ಳಿ. ಉತ್ತರ ಒಂದೇ ಸಾಲಿರಬೇಕು. ಎರಡು ಬಂದರೆ ಮುಖ್ಯ ಕೆಲಸ ಶುರು ಮಾಡಬೇಡಿ. ಸಾಲಿನ ಜೊತೆ ಯಂತ್ರದ ಹೆಸರನ್ನೂ ಸೇರಿಸಿ ಇನ್ನೊಮ್ಮೆ ಓಡಿಸಿದರೆ ಯಾವ ನೋಡ್ ಬೇರೆ ಅಂತ ಗೊತ್ತಾಗುತ್ತೆ.

ಜಾರ್ ವಿಷಯ: ಕ್ಲಾಸ್ ಇದ್ದರೆ ಸಾಲದು. ಸ್ಪಾರ್ಕ್ ಡೇಟಾ ಸೋರ್ಸಿನ ಚಿಕ್ಕ ಹೆಸರನ್ನು ಹುಡುಕೋದು ಮೆಟಾ-ಇನ್ಫ್ ಒಳಗಿನ 'ಸರ್ವಿಸಸ್' ಫೋಲ್ಡರಿನ ನೋಂದಣಿ ಫೈಲಿನಲ್ಲಿ. ಹಲವು ಜಾರ್‌ಗಳಲ್ಲಿ ಅದೇ ಹೆಸರಿನ ಫೈಲ್ ಇರುತ್ತೆ. ಒಟ್ಟು ಮಾಡೋವಾಗ ಒಂದು ಇನ್ನೊಂದರ ಮೇಲೆ ಕೂತು ನಿಮ್ಮ ಕನೆಕ್ಟರಿನ ಸಾಲು ಅಳಿಸಿಹೋಗಿದೆ. ಜಾರ್‌ಗಳನ್ನು ಒಟ್ಟು ಮಾಡೋ ಮೇವನ್ ಶೇಡ್‌ನಲ್ಲಿ 'ಸರ್ವಿಸಸ್‌ರಿಸೋರ್ಸ್‌ಟ್ರಾನ್ಸ್‌ಫಾರ್ಮರ್' ಸೇರಿಸಿದರೆ ಫೈಲುಗಳು ಒಂದಕ್ಕೊಂದು ಜೋಡಣೆಯಾಗುತ್ತವೆ. ಅಲ್ಲೇ ಮೆಟಾ-ಇನ್ಫ್‌ನ '.ಎಸ್‌ಎಫ್', '.ಡಿಎಸ್‌ಎ', '.ಆರ್‌ಎಸ್‌ಎ' ಸಹಿ ಫೈಲುಗಳನ್ನು ಹೊರಗಿಡಿ, ಇಲ್ಲದಿದ್ದರೆ ಸಹಿ ಹೊಂದಲ್ಲ ಅಂತ ಜೆವಿಎಂ ನಿಲ್ಲುತ್ತೆ. ಸ್ಪಾರ್ಕ್‌ನ ಸ್ವಂತ ಲೈಬ್ರರಿಗಳಿಗೆ 'ಪ್ರೊವೈಡೆಡ್' ಸ್ಕೋಪ್ ಕೊಡಿ, ಆಗ ಅವು ಜಾರ್ ಒಳಗೆ ಬರಲ್ಲ. ಗ್ವಾವಾ, ಪ್ರೋಟೋಬಫ್ ಲೈಬ್ರರಿಗಳ ಆವೃತ್ತಿ ಜಗಳ ಬಂದರೆ ಪ್ಯಾಕೇಜ್ ಹೆಸರನ್ನೇ ರಿಲೊಕೇಟ್ ಮಾಡಿ (ಬದಲಿಸಿ). 'ಯೂಸರ್‌ಕ್ಲಾಸ್‌ಪಾತ್‌ಫಸ್ಟ್' ಆಯ್ಕೆಯ ಹಿಂದೆ ಹೋಗಬೇಡಿ, ಒಂದು ಜಗಳ ತೀರಿಸೋಕೆ ಹೋಗಿ ಇನ್ನೊಂದು ತರುತ್ತೆ. ಕನೆಕ್ಟರಿನ ಹೆಸರಿನ ಕೊನೆಯ 2.12 ಅಥವಾ 2.13 ಅನ್ನೋದು ಸ್ಕಾಲಾ ಆವೃತ್ತಿ. ಕ್ಲಸ್ಟರಿನ ಸ್ಪಾರ್ಕ್ ಯಾವುದರ ಮೇಲೆ ಕಟ್ಟಿದ್ದೋ ಅದೇ ಇರಬೇಕು.

ಹೊಂಗೆನೆರಳು

ಟ್ರಾನ್ಸ್‌ಫಾರ್ಮರ್ ಹಾಕಿದ ಮೇಲೆ ಡೇಟಾ ಸೋರ್ಸ್ ಸಿಕ್ಕಿತು. ತಪಾಸಣೆಯಲ್ಲೂ ಒಂದೇ ಸಾಲು ಬಂತು. ಆರ್ಕೈವ್ ಪ್ರತಿ ಸಲ ಮೇಲೇರುವುದು ಬೇಡವೆಂದು ಎಚ್‌ಡಿಎಫ್‌ಎಸ್‌ನಲ್ಲಿ (ಕ್ಲಸ್ಟರಿನ ಹಂಚಿದ ಫೈಲ್‌ಸಿಸ್ಟಮ್) ಇಟ್ಟು ಅಲ್ಲಿನ ದಾರಿ ಕೊಟ್ಟಿದ್ದೇನೆ. ಇವತ್ತು ಹೊಸ ಆರ್ಕೈವನ್ನು ಅದೇ ಹೆಸರಲ್ಲಿ ಹಾಕಿದಾಗ, ಆಗಲೇ ಓಡುತ್ತಿದ್ದ ಇನ್ನೊಂದು ಕೆಲಸದ ಹೊಸ ಎಕ್ಸಿಕ್ಯೂಟರ್‌ಗಳು ಏಳದೇ ಹೋದವು. ದೋಷ: 'ಮೂಲ ಫೈಲ್‌ಸಿಸ್ಟಮ್‌ನಲ್ಲಿ ರಿಸೋರ್ಸ್ ಬದಲಾಗಿದೆ'.

ಕೆಂಪುದಾರ

ಯಾರ್ನ್ ಬೇಕೆಂದೇ ಮಾಡುವ ಕೆಲಸ ಅದು. ಕೆಲಸ ಸಬ್‌ಮಿಟ್ ಆದಾಗ ಆರ್ಕೈವಿನ ಸಮಯಮುದ್ರೆಯನ್ನು ಬರೆದಿಟ್ಟುಕೊಳ್ಳುತ್ತದೆ. ಆಮೇಲೆ ಯಾವುದೇ ನೋಡ್ ಅದನ್ನು ಇಳಿಸಿಕೊಳ್ಳುವಾಗ ಹೋಲಿಸಿ, ಬೇರೆಯಿದ್ದರೆ ನಿರಾಕರಿಸುತ್ತದೆ. ಬೆರಕೆ ಆಗದಂತೆ ಕಾಯುತ್ತಿರುವುದೇ ಅದು.

ಹೆಸರಿನ ಮೇಲೆ ಮತ್ತೆ ಬರೆಯುವುದನ್ನು ನಿಲ್ಲಿಸಿ. ಲಾಕ್ ಫೈಲಿನ ಎಸ್‌ಎಚ್‌ಎ-256 ಹ್ಯಾಶ್ ತೆಗೆದು, ಮೊದಲ 12 ಅಕ್ಷರಗಳನ್ನು ಆರ್ಕೈವಿನ ಹೆಸರಿಗೆ ಸೇರಿಸಿ. ಲಾಕ್ ಬದಲಾಗದಿದ್ದರೆ ಹೆಸರೂ ಅದೇ, ಹಾಗಾಗಿ ಎಚ್‌ಡಿಎಫ್‌ಎಸ್‌ನಲ್ಲಿ ಆ ಹೆಸರು ಆಗಲೇ ಇದ್ದರೆ ಮತ್ತೆ ಕಟ್ಟುವುದೂ ಬೇಡ, ಏರಿಸುವುದೂ ಬೇಡ. ಕಟ್ಟುವ ಬೇಸ್ ಇಮೇಜ್ ಬದಲಾದರೂ ಹೆಸರು ಬದಲಾಗಬೇಕು, ಆದ್ದರಿಂದ ಅದರ ಡೈಜೆಸ್ಟನ್ನು ಲಾಕ್ ಫೈಲಿನೊಳಗೆ ಒಂದು ಕಾಮೆಂಟ್ ಸಾಲಾಗಿ ಬರೆದಿಡಿ. ಏರಿಸುವಾಗ ತಾತ್ಕಾಲಿಕ ಹೆಸರಲ್ಲಿ ಹಾಕಿ, ಪೂರ್ತಿಯಾದ ಮೇಲೆ 'ಎಂವಿ' ಮಾಡಿ. ಅರ್ಧ ಏರಿದ ಫೈಲನ್ನು ಯಾರೂ ಎತ್ತಿಕೊಳ್ಳುವುದಿಲ್ಲ. ಎಲ್ಲರಿಗೂ ಓದುವ ಅನುಮತಿ ಕೊಟ್ಟು, ಮೇಲಿನ ಎಲ್ಲ ಫೋಲ್ಡರುಗಳಿಗೂ ಎಲ್ಲರಿಗೂ ಎಕ್ಸಿಕ್ಯೂಟ್ ಅನುಮತಿ ಇದ್ದರೆ ಯಾರ್ನ್ ಅದನ್ನು ಪ್ರತಿ ನೋಡ್‌ಗೆ ಒಂದೇ ಸಲ ಇಳಿಸಿ ಎಲ್ಲ ಬಳಕೆದಾರರಿಗೂ ಹಂಚುತ್ತದೆ. ಹಳೆಯ ಆರ್ಕೈವ್‌ಗಳನ್ನು, ಅವನ್ನು ಹೆಸರಿಸಿ ಸಬ್‌ಮಿಟ್ ಆದ ಕೊನೆಯ ಕೆಲಸ ಮುಗಿದ ಮೇಲೆಯೇ ಅಳಿಸಿ.